ಪಾರ್ಕು, ಕೆರೆ, ಜಾತ್ರೆ: ಒಣ ಕಸ ನಿಜವಾಗಿ ಮರುಬಳಕೆಗೆ ಹೋಗಲು ಯಾವ ವ್ಯವಸ್ಥೆ ಸರಿ?

"ನಮ್ಮ ಬಡಾವಣೆ ಪಾರ್ಕಿಗೆ ಮೂರು ಬಣ್ಣದ ಬುಟ್ಟಿ ತರೋಣ ಅಂತಿದ್ದೇವೆ, ಸರೀನಾ?" "ಕೆರೆ ದಂಡೆಗೆ ಬಾಟಲ್ ಪುಡಿ ಮಾಡುವ ಯಂತ್ರ ಕೊಡ್ತೀವಿ ಅಂತ ಒಂದು ಕಂಪನಿ ಬಂದಿದೆ, ಒಪ್ಪಿಕೊಳ್ಳೋಣವಾ?" "ಜಾತ್ರೆಗೆ ಇನ್ನೊಂದೇ ತಿಂಗಳು, ಏನು ಮಾಡಬಹುದು?" ಬಡಾವಣೆ ಸಂಘದವರು, ದೇವಸ್ಥಾನದ ಕಮಿಟಿಯವರು, ಶಾಲೆಯ ಎಸ್‌ಡಿಎಂಸಿಯವರು, ಪಂಚಾಯತಿ ಸದಸ್ಯರು, ಎಲ್ಲರೂ ಕೇಳುವುದು ಇಂಥ ಪ್ರಶ್ನೆಗಳನ್ನೇ. ಕೈಯಲ್ಲಿ ಒಂದಿಷ್ಟು ದುಡ್ಡಿದೆ. ಮಾಡುವ ಮನಸ್ಸೂ ಇದೆ. ಯಾವುದಕ್ಕೆ ಹಾಕಬೇಕು ಅನ್ನುವುದೇ ತಿಳಿಯುತ್ತಿಲ್ಲ. ಈ ಬರಹ ಅವರಿಗಾಗಿ.

ಮನೆ ಕಸದ ವಿಷಯದಲ್ಲಿ ನಮ್ಮಲ್ಲಿ ಒಂದಿಷ್ಟು ಕೆಲಸ ಆಗಿದೆ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ನಗರದ ಹೊರಗಿನ ಮಾವಳ್ಳಿಪುರ, ಮಂಡೂರು ಹಳ್ಳಿಗಳಲ್ಲಿ ಸುರಿದರು. ಅಲ್ಲಿನ ಜನ ಬೀದಿಗಿಳಿದ ಮೇಲೆ 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿತು. 2014ರ ಕೊನೆಗೆ ಮಂಡೂರಿನದೂ ಮುಚ್ಚಿತು. ಆಮೇಲೆ, 2015ರ ಡಿಸೆಂಬರ್‌ನಲ್ಲಿ, ಹೈಕೋರ್ಟ್ ಬೆಂಗಳೂರಿಗೆ 'ಎರಡು ಬುಟ್ಟಿ, ಒಂದು ಚೀಲ'ದ ಪದ್ಧತಿಯನ್ನು ಕಡ್ಡಾಯ ಮಾಡಿತು. ಹಸಿ ಕಸಕ್ಕೆ ಹಸಿರು ಬುಟ್ಟಿ, ಸ್ಯಾನಿಟರಿ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ.

ಮನೆಯಲ್ಲಿ ಇದು ನಡೆಯಲು ಕಾರಣಗಳಿವೆ. ಅಲ್ಲಿರುವುದು ನಾಲ್ಕೈದು ಜನ. ಕಸ ಬೆರೆಸಿದವರು ಯಾರು ಅಂತ ಗೊತ್ತಾಗುತ್ತದೆ. ಬೆಳಿಗ್ಗೆ ಆಟೋ ಟಿಪ್ಪರ್‌ನವರು ನೋಡಿ ವಾಪಸ್ ಕೊಡಬಹುದು. ಸಾರ್ವಜನಿಕ ಜಾಗದಲ್ಲಿ ಇದು ಯಾವುದೂ ಇಲ್ಲ. ಅಲ್ಲಿಗೆ ಬರುವವರು ಅಪರಿಚಿತರು. ಅರ್ಧ ಗಂಟೆ ಇರುತ್ತಾರೆ, ಹೋಗುತ್ತಾರೆ. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಚುರುಮುರಿ ಪೊಟ್ಟಣ. ಬುಟ್ಟಿಯ ಮೇಲೆ ಏನು ಬರೆದಿದೆ ಅಂತ ಓದುವ ವ್ಯವಧಾನ ಅವರಿಗೆಲ್ಲಿ? ಹಾಗಾಗಿ ಮನೆಯಲ್ಲಿ ಗೆದ್ದ ಪದ್ಧತಿಯನ್ನು ಹಾಗೇ ಎತ್ತಿ ಪಾರ್ಕಿನಲ್ಲಿ ಇಟ್ಟರೆ ಗೆಲ್ಲುವುದಿಲ್ಲ.

ಆಯ್ಕೆಗೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಮೊದಲನೆಯದು, ನಿಮ್ಮ ಜಾಗದಲ್ಲಿ ಬೀಳುವ ಕಸ ಯಾವುದು? ಇದನ್ನು ಊಹೆ ಮಾಡಬೇಡಿ. ಒಂದು ಭಾನುವಾರ ಸಂಜೆ, ಇಡೀ ದಿನದ ಕಸವನ್ನು ಒಂದು ಟಾರ್ಪಾಲಿನ ಮೇಲೆ ಹರಡಿ ನೋಡಿ. ಕೈಗವಸು, ಮಾಸ್ಕ್ ಇದ್ದರೆ ಸಾಕು. ಎಲೆ-ಕಡ್ಡಿ ಎಷ್ಟು, ನೀರಿನ ಬಾಟಲ್ ಎಷ್ಟು, ಚಿಪ್ಸ್ ಪ್ಯಾಕೆಟ್ ಎಷ್ಟು, ಪೇಪರ್ ಕಪ್ ಎಷ್ಟು, ಎಳನೀರು ಬುರುಡೆ ಎಷ್ಟು ಅಂತ ಬೇರೆ ಬೇರೆ ಗುಡ್ಡೆ ಮಾಡಿ. ಪಾರ್ಕುಗಳಲ್ಲಿ ತೂಕದಲ್ಲಿ ಜಾಸ್ತಿ ಇರುವುದು ಉದುರಿದ ಎಲೆ. ಕೆರೆ ದಂಡೆಯಲ್ಲಿ ಗಾಜಿನ ಬಿಯರ್ ಬಾಟಲ್ ಸಿಗುತ್ತವೆ. ಬಸ್ ಸ್ಟ್ಯಾಂಡಿನಲ್ಲಿ ನೀರಿನ ಬಾಟಲ್ ಮತ್ತು ಗುಟ್ಕಾ ಪೊಟ್ಟಣ. ಜಾತ್ರೆಯಲ್ಲಿ ತಟ್ಟೆ, ಲೋಟ, ಪ್ಲಾಸ್ಟಿಕ್ ಕವರ್. ಜಾಗ ಬದಲಾದರೆ ಕಸವೂ ಬದಲಾಗುತ್ತದೆ, ಪರಿಹಾರವೂ ಬದಲಾಗಬೇಕು.

ಎರಡನೆಯದು ಎಲ್ಲಕ್ಕಿಂತ ದೊಡ್ಡದು. ಬುಟ್ಟಿಯಿಂದಾಚೆ ಅದನ್ನು ಯಾರು ಒಯ್ಯುತ್ತಾರೆ? ಯಾವ ದಿನ, ಯಾವ ಗಾಡಿಯಲ್ಲಿ, ಎಲ್ಲಿಗೆ? ಬಹಳ ಕಡೆ ಬುಟ್ಟಿ ಎರಡು, ಗಾಡಿ ಒಂದೇ. ಬೆಳಿಗ್ಗೆ ಎರಡೂ ಬುಟ್ಟಿ ಒಂದೇ ಗಾಡಿಗೆ ಬೀಳುತ್ತವೆ. ಇದರಲ್ಲಿ ಪೌರಕಾರ್ಮಿಕರ ತಪ್ಪೇನೂ ಇಲ್ಲ. ಅವರಿಗೆ ಕೊಟ್ಟಿರುವುದು ಒಂದು ಗಾಡಿ, ಮುಗಿಸಬೇಕಾದ ಬೀದಿಗಳು ಹತ್ತಾರು. ಆದರೆ ವಾಕಿಂಗ್ ಬಂದವರು ಅದನ್ನು ಒಮ್ಮೆ ಕಣ್ಣಾರೆ ಕಂಡರೆ ಮುಗಿಯಿತು. ನಾಳೆಯಿಂದ ಅವರು ಯಾವ ಬುಟ್ಟಿಗೆ ಏನು ಹಾಕಬೇಕು ಅಂತ ಯೋಚಿಸುವುದೇ ಇಲ್ಲ. ಕಳೆದುಹೋದ ಆ ನಂಬಿಕೆಯನ್ನು ಮತ್ತೆ ಗಳಿಸುವುದು ಹೊಸ ಬುಟ್ಟಿ ತರುವುದಕ್ಕಿಂತ ಬಹಳ ಕಷ್ಟ. ಈ ಪ್ರಶ್ನೆಗೆ ಉತ್ತರ ಸಿಗುವವರೆಗೂ ಒಂದು ರೂಪಾಯಿಯನ್ನೂ ಬುಟ್ಟಿಗೆ ಹಾಕಬೇಡಿ ಎಂದೇ ನಾನು ಹೇಳುತ್ತೇನೆ.

ಮೂರನೆಯದು, ಸಿಗುವ ಒಣ ಕಸ ಎಷ್ಟು ಚೊಕ್ಕವಾಗಿರುತ್ತದೆ? ಸಾಂಬಾರು ಮೆತ್ತಿದ ರಟ್ಟನ್ನು ಗುಜರಿಯವರು ಮುಟ್ಟುವುದಿಲ್ಲ. ಒದ್ದೆ ಪೇಪರಿಗೆ ಬೆಲೆ ಇಲ್ಲ. ಅರ್ಧ ತಿಂದ ಬೋಂಡಾ ಒಂದು ಬಿದ್ದರೆ ಇಡೀ ಚೀಲ ಹಾಳು.

ನಾಲ್ಕನೆಯದು ಖರ್ಚು. ಇದರಲ್ಲಿ ಎರಡು ಲೆಕ್ಕ ಇವೆ: ಒಮ್ಮೆ ಮಾಡುವ ಖರ್ಚು, ತಿಂಗಳು ತಿಂಗಳು ಬರುವ ಖರ್ಚು. ಬುಟ್ಟಿ ಮತ್ತು ಯಂತ್ರಕ್ಕೆ ದಾನಿಗಳು ಬೇಗ ಸಿಗುತ್ತಾರೆ, ಏಕೆಂದರೆ ಅದರ ಮೇಲೆ ಹೆಸರು ಬರೆಸಬಹುದು. ತಿಂಗಳ ಸಂಬಳಕ್ಕೆ ದಾನಿಗಳು ಸಿಗುವುದು ಕಷ್ಟ. ಆದರೆ ವ್ಯವಸ್ಥೆ ಉಳಿಯುವುದು ಈ ಎರಡನೇ ಖರ್ಚಿನಿಂದ.

ಕೊನೆಯದು, ಇದರಿಂದ ಯಾರ ಹೊಟ್ಟೆಪಾಡಿಗೆ ನೆರವಾಗುತ್ತದೆ, ಯಾರದಕ್ಕೆ ಏಟು ಬೀಳುತ್ತದೆ? ನಿಮ್ಮ ಪಾರ್ಕಿನ, ನಿಮ್ಮ ಬಸ್ ಸ್ಟ್ಯಾಂಡಿನ ಬಾಟಲುಗಳನ್ನು ಈಗಾಗಲೇ ಯಾರೋ ಆಯ್ದುಕೊಂಡು ಹೋಗುತ್ತಿದ್ದಾರೆ. ನಿಮ್ಮ ಯೋಜನೆ ಅವರನ್ನು ಒಳಗೆ ಸೇರಿಸಿಕೊಳ್ಳಬೇಕು, ಹೊರಗೆ ದೂಡಬಾರದು.

ಇನ್ನು ಆಯ್ಕೆಗಳಿಗೆ ಬರೋಣ.

ಬಣ್ಣದ ಬುಟ್ಟಿಗಳು

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ತರುವುದು ಸುಲಭ, ಒಂದೇ ದಿನದಲ್ಲಿ ಕೆಲಸ ಮುಗಿದ ಹಾಗೆ ಕಾಣುತ್ತದೆ, ಖರ್ಚೂ ಮಿತಿಯಲ್ಲಿದೆ. ಆದರೆ ಸುಮ್ನೆ ತಂದಿಟ್ಟ ಬುಟ್ಟಿಯಲ್ಲಿ ಕಸ ಬೆರೆಯುತ್ತದೆ. ಇನ್ನೊಂದು ಕಾಟವೂ ಇದೆ. ಬೆಳಿಗ್ಗೆ ಟಿಪ್ಪರ್ ತಪ್ಪಿಸಿಕೊಂಡವರು ಮನೆಯ ಕಸದ ಕವರನ್ನು ತಂದು ಪಾರ್ಕಿನ ಬುಟ್ಟಿಗೆ ತುರುಕುತ್ತಾರೆ. ಬುಟ್ಟಿ ತುಂಬಿದ ಮೇಲೆ ಪಕ್ಕದಲ್ಲಿ ಇಟ್ಟು ಹೋಗುತ್ತಾರೆ. ಕೆಲವೇ ದಿನದಲ್ಲಿ ಆ ಜಾಗ ಎಲ್ಲರೂ ಕಸ ಸುರಿಯುವ 'ಬ್ಲಾಕ್ ಸ್ಪಾಟ್' ಆಗುತ್ತದೆ.

ಬುಟ್ಟಿಯೇ ಬೇಕು ಅಂತಾದರೆ ನಾಲ್ಕು ವಿಷಯ ನೋಡಿಕೊಳ್ಳಿ. ಒಂದೊಂದನ್ನೇ ದೂರ ದೂರ ಇಡಬೇಡಿ. ಹಸಿ, ಒಣ ಎರಡೂ ಪಕ್ಕ ಪಕ್ಕದಲ್ಲೇ ಇರಲಿ. ಒಂದೇ ಬುಟ್ಟಿ ಕಂಡರೆ ಜನ ಎಲ್ಲವನ್ನೂ ಅದಕ್ಕೇ ಹಾಕುತ್ತಾರೆ. ಮುಚ್ಚಳದ ತೂತಿನ ಆಕಾರವೇ ಹೇಳುವಂತಿರಲಿ: ಬಾಟಲಿಗೆ ದುಂಡನೆ ತೂತು, ಪೇಪರಿಗೆ ಸೀಳು. ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಂಥ ಮುಚ್ಚಳ ಹಾಕಿದ್ದರಿಂದಲೇ ಬಾಟಲ್-ಕ್ಯಾನ್‌ಗಳು ಸರಿಯಾದ ಬುಟ್ಟಿಗೆ ಬೀಳುವುದು ಶೇ. 34ರಷ್ಟು ಹೆಚ್ಚಿತ್ತು, ಬೇಡದ ಕಸ ಬೀಳುವುದು ಬಹುಮಟ್ಟಿಗೆ ನಿಂತಿತ್ತು. ಬರಹ ಕಡಿಮೆ ಇರಲಿ, ಚಿತ್ರ ದೊಡ್ಡದಿರಲಿ. ಒಣ ಕಸಕ್ಕೆ ಮುಚ್ಚಿದ ಡಬ್ಬಿಯ ಬದಲು ತಂತಿ ಜಾಲರಿಯದು ಇಟ್ಟರೆ ಒಳಗೆ ಏನಿದೆ ಅಂತ ಎಲ್ಲರಿಗೂ ಕಾಣುತ್ತದೆ. ಒಳಗೆ ಬರೀ ಬಾಟಲ್ ಕಂಡರೆ ಮುಂದಿನವರೂ ಬಾಟಲನ್ನೇ ಹಾಕುತ್ತಾರೆ.

ಇಷ್ಟೆಲ್ಲ ಮಾಡಿದರೂ, ಕಸವನ್ನು ಯಾರು ಒಯ್ಯುತ್ತಾರೆ ಅನ್ನುವ ಎರಡನೇ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಈ ದುಡ್ಡು ದಂಡ.

ಬುಟ್ಟಿಯ ಪಕ್ಕದಲ್ಲಿ ಒಬ್ಬರು

ಇದು ಜಾತ್ರೆ, ಮೇಳ, ಮದುವೆ ಊಟ, ಶಾಲೆಯ ವಾರ್ಷಿಕೋತ್ಸವಗಳಿಗೆ. ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನೇ ನೆನೆಸಿಕೊಳ್ಳಿ. ಕಾರ್ತಿಕದ ಕೊನೆಯ ಸೋಮವಾರದ ಸುತ್ತ ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕಡಲೆಕಾಯಿ ಸಿಪ್ಪೆ ಗೊಬ್ಬರವಾಗುವ ಕಸ, ಅದು ತುಂಬಿದ್ದ ಕವರ್ ಒಣ ಕಸ. ಎರಡೂ ಒಂದೇ ಕೈಯಿಂದ ಒಂದೇ ಸಲ ಬೀಳುತ್ತವೆ. ಅಲ್ಲಿ ಫಲಕ ಓದುವವರಿಲ್ಲ. "ಅಣ್ಣಾ, ಸಿಪ್ಪೆ ಇಲ್ಲಿ, ಕವರ್ ಅಲ್ಲಿ" ಅಂತ ಒಬ್ಬರು ನಗುತ್ತಾ ಹೇಳಿದರೆ ಎಲ್ಲರೂ ಕೇಳುತ್ತಾರೆ.

ಚೊಕ್ಕತನದಲ್ಲಿ ಈ ಪದ್ಧತಿಗೆ ಸಾಟಿ ಇಲ್ಲ. ಎಷ್ಟು ಜನ ಬೇಕು ಅನ್ನುವುದೇ ಇದರ ಕಷ್ಟ. ಬುಟ್ಟಿಗಳನ್ನು ಎಲ್ಲ ಕಡೆ ಹರಡುವ ಬದಲು, ಊಟ ಮುಗಿಸಿ ಹೊರಬರುವ ದಾರಿಯಲ್ಲಿ, ತಿಂಡಿ ಅಂಗಡಿಗಳ ಸಾಲಿನ ಕೊನೆಯಲ್ಲಿ, ಕೆಲವೇ ಕಡೆ ಇಡಿ. ಪ್ರತಿ ಜೋಡಿಗೂ ಒಬ್ಬರನ್ನು ನಿಲ್ಲಿಸಿ. ಎನ್‌ಎಸ್‌ಎಸ್ ಮಕ್ಕಳು, ಸ್ಕೌಟ್ಸ್ ಗೈಡ್ಸ್, ಯುವಕ ಸಂಘದವರು ಸಂತೋಷದಿಂದ ಬರುತ್ತಾರೆ. ಎರಡೆರಡು ಗಂಟೆಯ ಪಾಳಿ ಹಾಕಿ, ಊಟ-ನೀರು ನೋಡಿಕೊಳ್ಳಿ. ಸ್ವಯಂಸೇವಕರಿಂದ ಕಸ ಹೊರಿಸಬೇಡಿ. ಅವರ ಕೆಲಸ ಹೇಳುವುದು. ಹೊರುವ ಕೆಲಸಕ್ಕೆ ಕೂಲಿ ಕೊಟ್ಟೇ ಜನರನ್ನು ಕರೆಯಿರಿ.

ಒಂದು ಸೂಚನೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ, ಪರವಾನಗಿ ಇಲ್ಲದ ಜಾಗದಲ್ಲಿ 100ಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮ ಮಾಡುವವರು ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸ ಬೇರೆ ಮಾಡಿಸಿ ಕೊಡುವ ಹೊಣೆಯೂ ಅವರದೇ ಎಂದು ಇತ್ತು. ಇದನ್ನು ಬರೀ ಕಾನೂನಿನ ಕಾಟ ಅಂದುಕೊಳ್ಳಬೇಡಿ. ಮೊದಲೇ ತಿಳಿಸಿದರೆ ಒಣ ಕಸಕ್ಕೆ ಬೇರೆ ಗಾಡಿ ಕೇಳಲು ಅದೇ ನಿಮಗೆ ಅವಕಾಶ.

ದಿನಾ ತೆರೆದಿರುವ ಪಾರ್ಕಿಗೆ ಈ ಪದ್ಧತಿ ಆಗುವುದಿಲ್ಲ. ದಿನಾ ನಿಲ್ಲುವ ಸ್ವಯಂಸೇವಕರು ಯಾವ ಊರಿನಲ್ಲೂ ಸಿಗುವುದಿಲ್ಲ.

ಆಯುವವರ ಜೊತೆ ಒಪ್ಪಂದ

ನನ್ನ ಮನಸ್ಸಿಗೆ ತೀರ ಹತ್ತಿರವಾದ ದಾರಿ ಇದು. ದಿನನಿತ್ಯದ ಜಾಗಗಳಿಗೆ ಇದಕ್ಕಿಂತ ಗಟ್ಟಿಯಾದದ್ದು ನನಗೆ ಕಂಡಿಲ್ಲ.

ಬೆಂಗಳೂರಿನಲ್ಲಿ 2011ರಿಂದ ಪಾಲಿಕೆಯು ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಡಲು ಶುರು ಮಾಡಿತು. ದೇಶದಲ್ಲೇ ಮೊದಲು ನಡೆದ ಕೆಲಸಗಳಲ್ಲಿ ಇದೂ ಒಂದು. ಆಮೇಲೆ ವಾರ್ಡುಗಳಲ್ಲಿ ಒಣ ಕಸ ಸಂಗ್ರಹಣಾ ಕೇಂದ್ರಗಳು ಬಂದವು. ಅವುಗಳಲ್ಲಿ ಹಲವನ್ನು ಹಿಂದೆ ಬೀದಿಯಲ್ಲಿ ಕಸ ಆಯುತ್ತಿದ್ದವರೇ ನಡೆಸುತ್ತಿದ್ದಾರೆ. 'ಹಸಿರು ದಳ'ದಂಥ ಸಂಸ್ಥೆ ಇವರ ಜೊತೆ ನಿಂತು ಕೆಲಸ ಮಾಡುತ್ತಾ ಬಂದಿದೆ. ಯಾವ ಪ್ಲಾಸ್ಟಿಕ್ ಯಾವುದು, ಯಾವುದಕ್ಕೆ ಇವತ್ತು ಮಾರುಕಟ್ಟೆ ಇದೆ, ಯಾವುದನ್ನು ಯಾರು ಕೊಳ್ಳುತ್ತಾರೆ ಅನ್ನುವುದು ಇವರಿಗೆ ಕೈ ಮುಟ್ಟಿದರೆ ಗೊತ್ತಾಗುತ್ತದೆ. ಹಾಲಿನ ಕವರ್ ಒಂದು ಕಡೆ, ಬಾಟಲ್ ಒಂದು ಕಡೆ, ಮುಚ್ಚಳ ಇನ್ನೊಂದು ಕಡೆ. ಈ ವಿದ್ಯೆ ಯಾವ ಬಣ್ಣದ ಬುಟ್ಟಿಗೂ ಇಲ್ಲ.

ಮಾಡುವುದು ಹೇಗೆ? ನಿಮ್ಮ ವಾರ್ಡಿನ ಒಣ ಕಸ ಕೇಂದ್ರಕ್ಕೆ, ಅದಿಲ್ಲದ ಊರಾದರೆ ನಂಬಿಕೆಯ ಗುಜರಿ ಅಂಗಡಿಗೆ ಹೋಗಿ ಮಾತಾಡಿ. ಪಾರ್ಕ್ ಅಥವಾ ಕೆರೆಯ ಗೇಟಿನ ಹತ್ತಿರ ಬೀಗ ಹಾಕುವಂಥ ಒಂದು ಜಾಲರಿ ಪಂಜರ ಇಡಿಸಿ. ಅದರ ಕೀಲಿ ಅವರ ಬಳಿಯೇ ಇರಲಿ. ವಾರಕ್ಕೆ ಎರಡು ದಿನ ಬಂದು ಒಯ್ಯಲಿ. ಮಾರಿದ ದುಡ್ಡು ಪೂರ್ತಿ ಅವರಿಗೇ.

ಅಷ್ಟು ಸಾಕಾಗುತ್ತದಾ ಅಂದರೆ, ಇಲ್ಲ. ಲೆಕ್ಕ ನೋಡಿ. ಒಂದು ಲೀಟರ್ ನೀರಿನ ಖಾಲಿ ಬಾಟಲ್ ಸುಮಾರು 20ರಿಂದ 25 ಗ್ರಾಂ ತೂಗುತ್ತದೆ. ದಿನಕ್ಕೆ 100 ಬಾಟಲ್ ಸಿಕ್ಕರೂ ಎರಡು-ಎರಡೂವರೆ ಕೆಜಿ. ಅದನ್ನು ಮಾರಿದರೆ ಬರುವುದು ಒಬ್ಬರ ದಿನದ ಕೂಲಿಗೆ ಎಲ್ಲಿಗೂ ಸಾಲದು. ಗಾಜಿನ ಬಾಟಲಿಗೆ ಭಾರ ಜಾಸ್ತಿ, ಬೆಲೆ ಕಡಿಮೆ. "ಕಸದಿಂದಲೇ ದುಡ್ಡು ಬರುತ್ತಲ್ಲ, ನಾವ್ಯಾಕೆ ಕೊಡಬೇಕು?" ಅಂತ ಕಮಿಟಿಯಲ್ಲಿ ಯಾರಾದರೂ ಕೇಳುತ್ತಾರೆ. ಅವರ ಮುಂದೆ ಈ ಲೆಕ್ಕ ಇಡಿ. ಮಾರಾಟದ ದುಡ್ಡಲ್ಲದೆ ತಿಂಗಳಿಗೆ ಒಂದು ನಿಗದಿ ಸಂಬಳವನ್ನೂ ಕೊಡಬೇಕು. ಜೊತೆಗೆ ಕೈಗವಸು, ಬೂಟು, ಕೈ ತೊಳೆಯಲು ನೀರು. ಹಾಗೆ ಮಾಡಿದರೆ ಅವರು ಬೆಲೆ ಬಾಳುವ ಬಾಟಲ್ ಮಾತ್ರ ಎತ್ತಿಕೊಂಡು ಉಳಿದದ್ದನ್ನು ಬಿಡಬೇಕಾದ ಸ್ಥಿತಿ ಬರುವುದಿಲ್ಲ.

ಆ ಉಳಿದದ್ದು ಅಂದರೆ ಚಿಪ್ಸ್ ಪ್ಯಾಕೆಟ್, ಬಿಸ್ಕೆಟ್ ಕವರ್, ಶಾಂಪೂ ಸ್ಯಾಶೆ. ಹಲವು ಪದರ ಅಂಟಿಸಿ ಮಾಡಿದ್ದರಿಂದ ಅದನ್ನು ಮತ್ತೆ ವಸ್ತು ಮಾಡುವುದು ಕಷ್ಟ. ಹೆಚ್ಚಾಗಿ ಸಿಮೆಂಟ್ ಕಾರ್ಖಾನೆಯ ಒಲೆಗೆ ಇಂಧನವಾಗಿ ಹೋಗುತ್ತದೆ. ನಿಮ್ಮ ಟಾರ್ಪಾಲಿನ ಮೇಲೆ ಈ ಗುಡ್ಡೆಯೇ ದೊಡ್ಡದಾಗಿ ಕಂಡರೆ ಒಂದು ಮಾತು ಗಟ್ಟಿ ಮಾಡಿಕೊಳ್ಳಿ: ಅದನ್ನು ಎಷ್ಟೇ ಚೆನ್ನಾಗಿ ಬೇರೆ ಮಾಡಿದರೂ ಮರುಬಳಕೆ ಆಗುವುದು ಸ್ವಲ್ಪವೇ. ಅಲ್ಲಿ ಮಾತಾಡಬೇಕಾದದ್ದು ಅದನ್ನು ಮಾರುವ, ಗೇಟಿನ ಹೊರಗಿನ ಅಂಗಡಿಯವರ ಜೊತೆ.

ಹಳ್ಳಿಗಳಲ್ಲಿ ವಾರ್ಡಿನ ಒಣ ಕಸ ಕೇಂದ್ರದ ಬದಲು ಗ್ರಾಮ ಪಂಚಾಯತಿಯ 'ಸ್ವಚ್ಛ ಸಂಕೀರ್ಣ' ಅನ್ನುವ ಕಸ ವಿಂಗಡಿಸುವ ಘಟಕ ಇದೆ. ಹಲವೆಡೆ ಮಹಿಳಾ ಸಂಘದವರೇ ಗಾಡಿ ಓಡಿಸಿ ಕಸ ತರುತ್ತಾರೆ. ಒಂದು ಪಂಚಾಯತಿಯ ಒಣ ಕಸ ಕಡಿಮೆ ಇದ್ದರೆ ಕೊಳ್ಳುವವರು ಅಷ್ಟು ದೂರ ಬರುವುದಿಲ್ಲ. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ ಹಲವು ಪಂಚಾಯತಿಗಳ ಒಣ ಕಸವನ್ನು ಒಂದೇ ಘಟಕಕ್ಕೆ ತಂದು ವಿಂಗಡಿಸುವುದು ಇದೇ ಕಾರಣಕ್ಕೆ. ನಿಮ್ಮ ಊರಿನ ಸಂತೆಯ, ಜಾತ್ರೆಯ ಕಸವನ್ನು ಇಂಥ ಘಟಕಕ್ಕೆ ಸೇರಿಸಲು ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಜೊತೆ ಮೊದಲೇ ಮಾತಾಡಿ.

ಬಾಟಲ್ ಯಂತ್ರ

ಬಾಟಲ್ ಹಾಕಿದರೆ ಪುಡಿ ಮಾಡಿ, ಕೂಪನ್ನೋ ಮೊಬೈಲ್ ರೀಚಾರ್ಜೋ ಕೊಡುವ ಯಂತ್ರ. ರೈಲ್ವೆ ನಿಲ್ದಾಣಗಳಲ್ಲಿ ನೋಡಿರುತ್ತೀರಿ. ಒಂದೇ ಬಗೆಯ ಬಾಟಲ್ ರಾಶಿ ಬೀಳುವ, ಕರೆಂಟ್ ಮತ್ತು ಕಾವಲು ಎರಡೂ ಇರುವ ಪ್ಲಾಟ್‌ಫಾರಂ, ಮೆಟ್ರೋ ನಿಲ್ದಾಣ, ದೊಡ್ಡ ಕಾಲೇಜುಗಳಿಗೆ ಸರಿ. ಮಕ್ಕಳಿಗೆ ಕುತೂಹಲ ಹುಟ್ಟಿಸುತ್ತದೆ, ಅದೂ ಒಳ್ಳೇದೇ.

ಕೆರೆಗೆ, ಬಡಾವಣೆ ಪಾರ್ಕಿಗೆ ನಾನು ಬೇಡ ಅನ್ನುತ್ತೇನೆ. ಯಂತ್ರ ತೆಗೆದುಕೊಳ್ಳುವುದು ಹೆಚ್ಚಾಗಿ ಪ್ಲಾಸ್ಟಿಕ್ ಬಾಟಲನ್ನು ಮಾತ್ರ. ಒಣ ಕಸದಲ್ಲಿ ಬೆಲೆ ಇರುವುದೂ, ಆಯುವವರು ಮೊದಲಿನಿಂದ ಎತ್ತಿಕೊಳ್ಳುತ್ತಾ ಬಂದಿರುವುದೂ ಅದನ್ನೇ. ಅಂದರೆ ಈಗಾಗಲೇ ಮರುಬಳಕೆ ಆಗುತ್ತಿರುವುದನ್ನು ಅವರ ಕೈಯಿಂದ ಯಂತ್ರಕ್ಕೆ ಕೊಟ್ಟ ಹಾಗಾಯಿತು. ಕವರ್, ಕಪ್ ಅಲ್ಲೇ ಬಿದ್ದಿರುತ್ತವೆ. ಯಂತ್ರ ಕೆಟ್ಟರೆ ರಿಪೇರಿ ಯಾರದ್ದು, ತುಂಬಿದರೆ ಖಾಲಿ ಮಾಡುವವರು ಯಾರು, ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ ಎಂಬ ಮೂರೂ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಸಿಗದೆ ಒಪ್ಪಬೇಡಿ, ಪುಕ್ಕಟೆ ಕೊಟ್ಟರೂ ಸರಿ.

ಠೇವಣಿ

ಬಾಟಲ್ ಕೊಳ್ಳುವಾಗ ಸ್ವಲ್ಪ ಜಾಸ್ತಿ ದುಡ್ಡು ಕೊಡುವುದು, ಖಾಲಿ ಬಾಟಲ್ ವಾಪಸ್ ಕೊಟ್ಟರೆ ಅದು ಮರಳಿ ಸಿಗುವುದು. ಇದು ನಮಗೆ ಹೊಸದಲ್ಲ. ಗೋಲಿ ಸೋಡಾ, ಗಾಜಿನ ಬಾಟಲಿಯ ಕೂಲ್‌ಡ್ರಿಂಕ್ಸ್ ಕಾಲದಲ್ಲಿ ಪ್ರತಿ ಅಂಗಡಿಯಲ್ಲೂ ಹೀಗೇ ನಡೆಯುತ್ತಿತ್ತು. ಆ ಬಾಟಲ್ ಬೀದಿಯಲ್ಲಿ ಬಿದ್ದಿರುವುದನ್ನು ಕಂಡವರು ಕಡಿಮೆ.

ಈಗ ಇದು ಮತ್ತೆ ಬರುತ್ತಿದೆ. ಮದ್ರಾಸ್ ಹೈಕೋರ್ಟಿನ ಸೂಚನೆಯಂತೆ 2022ರಲ್ಲಿ ನೀಲಗಿರಿ ಜಿಲ್ಲೆಯ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಠೇವಣಿ ಶುರುವಾಯಿತು. ಕಾಡಿನಲ್ಲಿ ಒಡೆದ ಗಾಜು ತುಳಿದು ಆನೆಗಳ ಕಾಲಿಗೆ ಗಾಯವಾಗುತ್ತದೆ ಅನ್ನುವುದು ಅಲ್ಲಿನ ದೊಡ್ಡ ಚಿಂತೆಯಾಗಿತ್ತು. ಅದೇ ವರ್ಷ ಕೇದಾರನಾಥದ ಯಾತ್ರೆಯ ದಾರಿಯಲ್ಲಿ ಪ್ಲಾಸ್ಟಿಕ್ ಬಾಟಲಿಗೆ ಕ್ಯೂಆರ್ ಕೋಡ್ ಅಂಟಿಸಿ 10 ರೂಪಾಯಿ ಠೇವಣಿ ಇಡಿಸಿದರು. ಜರ್ಮನಿಯಲ್ಲಿ 2003ರಿಂದ ಒಮ್ಮೆ ಬಳಸುವ ಬಾಟಲ್, ಕ್ಯಾನಿಗೆ ಠೇವಣಿ ಕಡ್ಡಾಯ. ಈಗ 25 ಸೆಂಟ್. ಅಲ್ಲಿರುವ ನಮ್ಮವರು ಯಾರನ್ನಾದರೂ ಕೇಳಿ, ಮನೆಯ ಮೂಲೆಯಲ್ಲಿ ಖಾಲಿ ಬಾಟಲುಗಳ ಚೀಲ ಒಂದು ಇದ್ದೇ ಇರುತ್ತದೆ. ಹೊರಗೆ ಕುಡಿದವರು ಬಾಟಲನ್ನು ಕಸದ ಡಬ್ಬಿಯ ಒಳಗೆ ಹಾಕದೆ ಪಕ್ಕದಲ್ಲಿ ನಿಲ್ಲಿಸಿ ಹೋಗುತ್ತಾರೆ, ದುಡ್ಡಿನ ಅಗತ್ಯ ಇರುವವರು ಎತ್ತಿಕೊಳ್ಳಲಿ ಎಂದು.

ಠೇವಣಿಯ ಬಲ ಇರುವುದೇ ಇಲ್ಲಿ. ಒಬ್ಬರು ಬಿಸಾಡಿದರೂ ಇನ್ನೊಬ್ಬರು ಹೆಕ್ಕುತ್ತಾರೆ. ಬುದ್ಧಿ ಹೇಳುವ ಕೆಲಸವೇ ಇಲ್ಲ.

ಆದರೆ ಎಲ್ಲ ಕಡೆ ಆಗುವುದಿಲ್ಲ. ಒಳಗೆ ಬರುವ, ಹೊರಗೆ ಹೋಗುವ ದಾರಿ ಒಂದೆರಡೇ ಇರಬೇಕು. ಬಾಟಲ್ ಮಾರುವ ಅಂಗಡಿಗಳು ಎಣಿಸುವಷ್ಟೇ ಇರಬೇಕು. ಹೊರಗಿನ ಬಾಟಲ್ ತಂದು ದುಡ್ಡು ಕೇಳದಂತೆ ಸ್ಟಿಕ್ಕರ್ ಬೇಕು. ಲೆಕ್ಕ ಇಡುವವರು ಬೇಕು, ಚಿಲ್ಲರೆ ಬೇಕು. ಬೆಟ್ಟದ ಮೇಲಿನ ದೇವಸ್ಥಾನ, ಜಲಪಾತ, ಕೋಟೆ, ಮೃಗಾಲಯ, ಗೇಟಿರುವ ಜಾತ್ರೆ ಮೈದಾನಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ನಾಲ್ಕು ದಿಕ್ಕಿಗೂ ತೆರೆದಿರುವ ಊರ ಸಂತೆಗೆ, ಬಸ್ ಸ್ಟ್ಯಾಂಡಿಗೆ ಒಂದು ಕಮಿಟಿ ಮಾಡಿ ತೂಗಿಸುವುದು ಕಷ್ಟ. ಅಲ್ಲಿ ಸರ್ಕಾರವೇ ರಾಜ್ಯಕ್ಕೆಲ್ಲ ತಂದರೆ ಮಾತ್ರ ಫಲ.

ಠೇವಣಿ ಎಷ್ಟಿರಬೇಕು? ಮರೆತು ಹೋಗಲು ಮನಸ್ಸು ಬಾರದಷ್ಟು. 1-2 ರೂಪಾಯಿಗೆ ಯಾರೂ ಹಿಂದೆ ಬರುವುದಿಲ್ಲ. ವಾಪಸ್ ಕೊಡುವ ಜಾಗ ಹೊರಗೆ ಹೋಗುವ ದಾರಿಯಲ್ಲೇ ಇರಲಿ. ಬೆಟ್ಟ ಇಳಿದು ಸುಸ್ತಾದವರನ್ನು ಮತ್ತೆ ಅಂಗಡಿಗೆ ಹತ್ತಿಸಬೇಡಿ.

ಕಸವೇ ಹುಟ್ಟದ ಹಾಗೆ: ತಟ್ಟೆ-ಲೋಟ

ಊಟ ಇರುವ ಕಡೆ ನನ್ನ ಮೊದಲ ಸಲಹೆ ಯಾವಾಗಲೂ ಇದೇ. ಬಿಸಾಡುವ ತಟ್ಟೆಯನ್ನು ಸರಿಯಾಗಿ ವಿಂಗಡಿಸುವುದಕ್ಕಿಂತ, ಬಿಸಾಡುವ ತಟ್ಟೆಯೇ ಇಲ್ಲದ ಹಾಗೆ ಮಾಡುವುದು ಸುಲಭ. ಬೆಂಗಳೂರಿನ 'ಅದಮ್ಯ ಚೇತನ' ಸಂಸ್ಥೆ ಪ್ಲೇಟ್ ಬ್ಯಾಂಕ್ ನಡೆಸುತ್ತದೆ. ಸ್ಟೀಲ್ ತಟ್ಟೆ, ಲೋಟ, ಚಮಚಗಳನ್ನು ಕಾರ್ಯಕ್ರಮಕ್ಕೆ ಒಯ್ದು, ಬಳಸಿ, ತೊಳೆದು ವಾಪಸ್ ಕೊಡಬೇಕು. ಇಂಥದ್ದನ್ನು ಯಾವ ಊರಿನಲ್ಲೂ ಶುರು ಮಾಡಬಹುದು. ಸ್ತ್ರೀಶಕ್ತಿ ಸಂಘದವರು ಒಂದಿಷ್ಟು ತಟ್ಟೆ ಕೊಂಡು ಬಾಡಿಗೆಗೆ ಕೊಟ್ಟರೆ ಸಂಘಕ್ಕೂ ಆದಾಯ. ಯಂತ್ರ ಕೊಡುತ್ತೇವೆ ಅನ್ನುವ ದಾನಿಗಳನ್ನು ಇದಕ್ಕೆ ತಿರುಗಿಸಿ. ತಟ್ಟೆಯ ಹಿಂದೆ ಹೆಸರು ಕೊರೆಸಬಹುದಲ್ಲ!

ಕಷ್ಟ ಇರುವುದು ತೊಳೆಯುವುದರಲ್ಲಿ. ನೀರು ಬೇಕು, ಜನ ಬೇಕು, ಮೋರಿ ಬೇಕು. ಮೊದಲ ತೊಟ್ಟಿಯಲ್ಲಿ ಎಂಜಲು ಉದುರಿಸುವುದು, ಎರಡನೆಯದರಲ್ಲಿ ಸೋಪು, ಮೂರನೆಯದರಲ್ಲಿ ಬಿಸಿನೀರು ಅಂತ ಸಾಲಾಗಿ ಇಟ್ಟರೆ ನೀರು ಬಹಳ ಉಳಿಯುತ್ತದೆ. ತೊಳೆಯುವವರಿಗೆ ಒಳ್ಳೆಯ ಕೂಲಿ ಕೊಡಿ. ಈ ಕೂಲಿಯನ್ನು ಬಿಸಾಡುವ ತಟ್ಟೆಯ ಬೆಲೆ ಮತ್ತು ಕಸ ಸಾಗಿಸುವ ಖರ್ಚಿನ ಪಕ್ಕದಲ್ಲಿಟ್ಟು ನೋಡಿ.

ಬೇಸಿಗೆಯಲ್ಲಿ ಕುಡಿಯಲೇ ನೀರಿಲ್ಲದ ಊರಿನಲ್ಲಿ ಸ್ಟೀಲ್ ತಟ್ಟೆಗೆ ಹಠ ಮಾಡಬಾರದು. ಅಲ್ಲಿ ಬಾಳೆ ಎಲೆ, ಮುತ್ತುಗದ ಎಲೆ, ಅಡಿಕೆ ಹಾಳೆ, ದೊನ್ನೆ. ಊಟದ ಶೇಷದ ಜೊತೆಗೇ ಗೊಬ್ಬರದ ಗುಂಡಿಗೆ ಹೋಗುತ್ತವೆ, ಬೇರೆ ಮಾಡುವ ಕೆಲಸವೇ ಇಲ್ಲ. ಒಳಗೆ ಹೊಳೆಯುವ ಪದರ ಇರುವ ಪೇಪರ್ ತಟ್ಟೆ, ಪ್ಲಾಸ್ಟಿಕ್ ಪದರದ ಪೇಪರ್ ಕಪ್ ಎರಡೂ ಈ ಗುಂಪಿಗೆ ಸೇರುವುದಿಲ್ಲ. ಅವು ಹಸಿಗೂ ಬೇಡ, ಒಣದ್ದಕ್ಕೂ ಬೇಡ. ಪ್ಲಾಸ್ಟಿಕ್ ತಟ್ಟೆ, ಲೋಟ, ಸ್ಟ್ರಾಗಳಂತೂ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷಿದ್ಧ. ರಾಮನವಮಿಯ ಪಾನಕ-ಮಜ್ಜಿಗೆಗೆ ಸ್ಟೀಲ್ ಲೋಟ ಇಟ್ಟು, ಪಕ್ಕದಲ್ಲೇ ತೊಳೆಯಲು ಇಬ್ಬರನ್ನು ಕೂರಿಸಿ. ರಸ್ತೆ ತುಂಬ ಕಪ್ ಬೀಳುವುದು ಅಲ್ಲಿಗೇ ನಿಲ್ಲುತ್ತದೆ.

ಬುಟ್ಟಿಯೇ ಇಲ್ಲದ ಜಾಗ

ಇದು ಬಹಳ ಜನಕ್ಕೆ ವಿಚಿತ್ರ ಅನ್ನಿಸುತ್ತದೆ. ಆದರೆ ಕೆಲವು ಕಡೆ ಇದೇ ಸರಿ. ಜಪಾನಿನಲ್ಲಿ 1995ರ ಟೋಕಿಯೋ ಸುರಂಗ ರೈಲಿನ ವಿಷಾನಿಲ ದಾಳಿಯ ಬಳಿಕ ನಿಲ್ದಾಣಗಳಿಂದ ಕಸದ ಬುಟ್ಟಿಗಳನ್ನು ತೆಗೆದರು. ಜನ ಕಸವನ್ನು ಚೀಲದಲ್ಲಿಟ್ಟು ಮನೆಗೆ ಒಯ್ಯುತ್ತಾರೆ. ಅಷ್ಟು ದೂರ ಯಾಕೆ, ಮೈಸೂರು ಕಡೆಯಿಂದ ಊಟಿಗೆ ಹೋದವರಿಗೆ ಕಕ್ಕನಹಳ್ಳ ಚೆಕ್‌ಪೋಸ್ಟ್ ಗೊತ್ತಿರುತ್ತದೆ. ಅಲ್ಲಿ ಗಾಡಿ ನಿಲ್ಲಿಸಿ ಪ್ಲಾಸ್ಟಿಕ್ ಬಾಟಲ್ ತೆಗೆಸುತ್ತಾರೆ.

ಚಾರಣದ ಬೆಟ್ಟ, ಕಾಡಿನ ದಾರಿಗಳಿಗೆ ಇದೊಂದೇ ದಾರಿ. ಅಲ್ಲಿ ಬುಟ್ಟಿ ಇಟ್ಟರೆ ಕೋತಿ, ಹಂದಿ ಎಳೆದಾಡುತ್ತವೆ. ಇಳಿಸಿಕೊಂಡು ಬರುವವರೂ ಇರುವುದಿಲ್ಲ. ಬಾಗಿಲಲ್ಲಿ ಎಣಿಸಿ ಒಳಗೆ ಬಿಡಿ, ಎಣಿಸಿ ಹೊರಗೆ ಬಿಡಿ. ಆದರೆ ಕುಡಿಯುವ ನೀರು ತುಂಬಿಸಿಕೊಳ್ಳುವ ನಲ್ಲಿ ಇಡದೆ ಬಾಟಲ್ ಬೇಡ ಅನ್ನುವುದು ಅನ್ಯಾಯ.

ಬಡಾವಣೆಯ ಸಣ್ಣ ಪಾರ್ಕಿಗೂ ನಾನು ಇದನ್ನೇ ಹೇಳುತ್ತೇನೆ. ಅಲ್ಲಿಗೆ ಬರುವವರು ಅಕ್ಕಪಕ್ಕದ ಬೀದಿಯವರು. ಅವರ ಮನೆ ಬಾಗಿಲಿಗೆ ಒಣ ಕಸದ ಗಾಡಿ ಬರುತ್ತದೆ. ಕೈಯಲ್ಲಿರುವ ಬಾಟಲನ್ನು ಐದು ನಿಮಿಷ ಹಿಡಿದುಕೊಂಡರೆ ಆಯಿತು, ಅಲ್ವಾ? ಬುಟ್ಟಿ ತೆಗೆದು, ಆ ದುಡ್ಡಿನಲ್ಲಿ ಎಲೆ ಗೊಬ್ಬರದ ಜಾಲರಿ ಮಾಡಿಸಿ. ತಂತಿ ಜಾಲರಿಯನ್ನು ದುಂಡಗೆ ಬಿಗಿದು, ಉದುರಿದ ಎಲೆ ತುಂಬಿ, ನಡುನಡುವೆ ಸಗಣಿ ನೀರೋ ಹುಳಿ ಮಜ್ಜಿಗೆಯೋ ಚಿಮುಕಿಸಿ, ತೇವ ಆರದಂತೆ ನೋಡಿಕೊಂಡರೆ ಕೆಲವು ತಿಂಗಳಲ್ಲಿ ಗೊಬ್ಬರ. ಪಾರ್ಕಿನ ಕಸದಲ್ಲಿ ತೂಕದ ದೊಡ್ಡ ಪಾಲು ಅಲ್ಲೇ ಕರಗುತ್ತದೆ. ಎಲೆಗೆ ಬೆಂಕಿ ಹಚ್ಚುವುದೂ ನಿಲ್ಲುತ್ತದೆ. ಕಣ್ಣಾರೆ ನೋಡಿ ಕಲಿಯಬೇಕು ಅನ್ನುವವರು ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನ ಸ್ವಚ್ಛಾಗ್ರಹ ಕಲಿಕಾ ಕೇಂದ್ರಕ್ಕೆ ಹೋಗಿ ಬನ್ನಿ.

ನಿಮ್ಮ ಜಾಗ, ನಿಮ್ಮ ದುಡ್ಡು

ಕೈಯಲ್ಲಿ ದುಡ್ಡೇ ಇಲ್ಲ, ಸಣ್ಣ ಪಾರ್ಕ್: ಬುಟ್ಟಿ ತೆಗೆಯಿರಿ, ಎಲೆ ಗೊಬ್ಬರ ಮಾಡಿ, ಗೇಟಿನಲ್ಲಿ ಒಂದು ಫಲಕ ಹಾಕಿ. ಮೊದಲ ಕೆಲವು ವಾರ ಸಂಘದವರು ಸರದಿ ಮೇಲೆ ಸಂಜೆ ನಿಂತು ಹೇಳಬೇಕು.

ದೊಡ್ಡ ಪಾರ್ಕ್, ಕೆರೆ ದಂಡೆ, ತಿಂಗಳಿಗೆ ಸ್ವಲ್ಪ ದುಡ್ಡು ಕೊಡಬಲ್ಲಿರಿ: ಆಯುವವರ ಜೊತೆ ಒಪ್ಪಂದ, ಗೇಟುಗಳ ಹತ್ತಿರ ಮಾತ್ರ ಜಾಲರಿ ಪಂಜರ. ಎಳನೀರಿನವರ ಗಾಡಿ ಇದ್ದರೆ ಬುರುಡೆ ಅವರೇ ವಾಪಸ್ ಒಯ್ಯಬೇಕು ಅಂತ ಮೊದಲೇ ಮಾತಾಗಲಿ.

ಜಾತ್ರೆ, ಅನ್ನದಾನ: ಮೊದಲು ತಟ್ಟೆ-ಲೋಟ ಅಥವಾ ಎಲೆ. ಉಳಿದದ್ದಕ್ಕೆ ಪಕ್ಕದಲ್ಲಿ ಜನ ನಿಂತ ಕೆಲವೇ ಬುಟ್ಟಿ. ಒಣ ಕಸ ಒಯ್ಯುವವರು ಅದೇ ರಾತ್ರಿ ಬರಬೇಕು. ಬೆಳಗಾದರೆ ನಾಯಿ, ದನ ಎಲ್ಲವನ್ನೂ ಬೆರೆಸಿರುತ್ತವೆ.

ಬೆಟ್ಟದ ದೇವಸ್ಥಾನ, ಪ್ರವಾಸಿ ತಾಣ, ಒಮ್ಮೆಗೆ ದೊಡ್ಡ ಮೊತ್ತ ಸಿಗುವಂತಿದೆ: ಠೇವಣಿ, ಜೊತೆಗೆ ನೀರಿನ ನಲ್ಲಿ. ಆ ಮೊತ್ತದಲ್ಲಿ ಲೆಕ್ಕ ಇಡುವವರ ಒಂದು ವರ್ಷದ ಸಂಬಳವನ್ನು ಮೊದಲೇ ಎತ್ತಿಡಿ.

ಬಸ್ ಸ್ಟ್ಯಾಂಡ್, ಸಂತೆ ಬಹಳ ಕಷ್ಟದ ಜಾಗಗಳು. ಅಲ್ಲಿ ನಿಗದಿ ಸಂಬಳದ ಆಯುವವರು, ಜೋಡಿ ಬುಟ್ಟಿ, ಬೇರೆ ಗಾಡಿ ಮೂರೂ ಒಟ್ಟಿಗೆ ಬೇಕು. ಒಂದು ಸಂಘದ ಕೈಲಾಗುವ ಕೆಲಸ ಅಲ್ಲ. ಪಾಲಿಕೆ, ಪುರಸಭೆ ಅಥವಾ ಪಂಚಾಯತಿಯನ್ನು ಕೂರಿಸಿಕೊಂಡೇ ಮಾಡಬೇಕು.

ಯಾವುದನ್ನು ಆರಿಸಿಕೊಂಡರೂ ಕೆಲಸದ ಸಾಲು ಹೀಗಿರಲಿ: ಮೊದಲು ಟಾರ್ಪಾಲಿನ ಮೇಲೆ ಕಸ, ಆಮೇಲೆ ಒಯ್ಯುವವರ ಜೊತೆ ಮಾತು, ಆಮೇಲೆ ಅವರ ಸಂಬಳಕ್ಕೆ ದುಡ್ಡು, ಕೊನೆಗೆ ಬುಟ್ಟಿ ಅಥವಾ ಪಂಜರ. ಮೂರು ತಿಂಗಳ ಬಳಿಕ ಅದೇ ಟಾರ್ಪಾಲನ್ನು ಮತ್ತೆ ಹರಡಿ. ಒಣ ಕಸದ ಚೀಲ ವಾಸನೆ ಬರುತ್ತಿದ್ದರೆ ಎಲ್ಲೋ ಬೆರೆಯುತ್ತಿದೆ ಅಂತ ಅರ್ಥ. ಎಲ್ಲಿ ಬೆರೆಯುತ್ತಿದೆ ಅಂತ ಆ ಚೀಲ ದಿನಾ ಬಿಚ್ಚುವವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಮುಂದಿನ ಕಮಿಟಿ ಸಭೆಗೆ ಅವರನ್ನು ಕರೆಯಿರಿ, ಕುರ್ಚಿ ಕೊಟ್ಟು ಕೂರಿಸಿ, ಅವರು ಹೇಳಿದಂತೆ ಬದಲಿಸಿ.